ಎಡಗೈ ಕಿರುಬೆರಳು

ರೇಷನ್ ತರುವ ಮುಂಚಿನ ದಿನ ದೊಡ್ಡಮ್ಮ ಬೀಡಿ ಕಟ್ಟುವುದಿಲ್ಲ. ಅದು ಯಾಕೆ ಅಂತ ನನಗೆ ಗೊತ್ತಾಗಿದ್ದು 2025ರ ಮೇ ತಿಂಗಳಲ್ಲಿ, ಅವರ ಜೊತೆ ಸೊಸೈಟಿಗೆ ಹೋದಾಗ.

ಅವರ ಮನೆ ಮಂಗಳೂರಿನ ಹೊರಗೆ, ಕೈಕಂಬದಿಂದಲೂ ಒಳಗೆ, ಗುಡ್ಡದ ಮೇಲೆ. ಅಲ್ಲಿರುವುದು ಬಿಸ್ಕಿಟ್, ಸೋಡಾ ಸಿಗುವ ಒಂದು ಗೂಡಂಗಡಿ ಅಷ್ಟೇ. ಅಕ್ಕಿ, ತರಕಾರಿ ಬೇಕಾದರೆ ಕೆಳಗಿಳಿಯಬೇಕು. ಹೋಗುವಾಗ ಇಳಿಜಾರು, ಸುಲಭ. ಬರುವಾಗ ಮೂಟೆ ಇರುತ್ತದಲ್ಲ, ರಿಕ್ಷಾ ಮಾಡದೆ ಗತಿಯಿಲ್ಲ.

ಮೊದಲ ಅರ್ಧ ಗಂಟೆ ಸರ್ವರ್ ಇರಲಿಲ್ಲ. ಸೆಕೆಗೆ ಎಲ್ಲರೂ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದರು. ಸರದಿ ಬಂದಾಗ ದೊಡ್ಡಮ್ಮ ಬಲಗೈ ಹೆಬ್ಬೆರಳು ಒತ್ತಿದರು. ಮೆಷಿನ್ ಒಪ್ಪಲಿಲ್ಲ. ತೋರುಬೆರಳು. ಅದೂ ಇಲ್ಲ. ಮೂವತ್ತೈದು ವರ್ಷ ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದ ಬೆರಳುಗಳು. ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ.

"ಒರೆಸಿ ಒತ್ತಿ ಅಮ್ಮ," ಅಂದ ಹುಡುಗ. ಅವನದ್ದೇನೂ ತಪ್ಪಿಲ್ಲ, ಪಾಪ.

"ತಡಿ ಮಾರಾಯ," ಎಂದು ದೊಡ್ಡಮ್ಮ ಎಡಗೈ ಕಿರುಬೆರಳನ್ನು ಸೆರಗಿಗೆ ತಿಕ್ಕಿ, ಬಾಯಿಂದ ಒಮ್ಮೆ ಹಬೆ ಊದಿ ಒತ್ತಿದರು. ಚೀಟಿ ಹೊರಗೆ ಬಂತು! "ಇದಕ್ಕೆ ಬೀಡಿ ಕೆಲಸ ಕಮ್ಮಿ. ಅದಕ್ಕೇ ಉಳಿದಿದೆ," ಅಂದರು ನನಗೆ. ಆ ಬೆರಳಿಗೂ ಹೊಗೆಸೊಪ್ಪಿನ ಕರೆ ಅಂಟಬಾರದು ಅಂತ ಹಿಂದಿನ ದಿನ ರಜೆ.

ಇಬ್ಬರ ಬಿಪಿಎಲ್ ಕಾರ್ಡು. ಆಗ ತಲೆಗೆ 10 ಕೆ.ಜಿ.ಯಂತೆ 20 ಕೆ.ಜಿ. ಅಕ್ಕಿ, ಧರ್ಮಕ್ಕೆ. ಸಣ್ಣ ಮಾತಲ್ಲ ಅದು. ಆದರೆ ಕೊಡುವುದು ಬೆಳ್ತಿಗೆ, ಅಂದರೆ ಭತ್ತ ಕುದಿಸದೆ ಮಾಡಿದ ಬಿಳಿ ಅಕ್ಕಿ. ನಮ್ಮ ಕಡೆಯವರಿಗೆ ಕುಚ್ಚಲಕ್ಕಿ ಗಂಜಿ ಬೀಳದಿದ್ದರೆ ಹೊಟ್ಟೆ ತುಂಬಿದ ಹಾಗೆಯೇ ಆಗುವುದಿಲ್ಲ. ಬೆಳ್ತಿಗೆ ದೋಸೆಗೆ, ಇಡ್ಲಿಗೆ ಸರಿ. ಇಬ್ಬರು ಮುದುಕರು ತಿಂಗಳಿಗೆ ಎಷ್ಟು ದೋಸೆ ತಿಂದಾರು?

ಈ 10 ಕೆ.ಜಿ.ಯಲ್ಲಿ ರಾಜ್ಯ ಸೇರಿಸುವ ಹೆಚ್ಚುವರಿ 5 ಕೆ.ಜಿ.ಗೆ ಅಕ್ಕಿ ಸಿಗದೆ 2023ರ ಜುಲೈಯಿಂದ ಸರ್ಕಾರ ಕೆ.ಜಿ.ಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಹಾಕುತ್ತಿತ್ತು. 2025ರ ಫೆಬ್ರವರಿ ಲೆಕ್ಕದಿಂದ ಮತ್ತೆ ಅಕ್ಕಿಯೇ ಕೊಡಲು ಶುರು ಮಾಡಿತ್ತು.

"ದುಡ್ಡೇ ಒಳ್ಳೆದಿತ್ತು. ತಡ ಆದ್ರೂ ನನ್ನ ಖಾತೆಗೇ ಬರ್ತಿತ್ತು," ಅಂದರು ದೊಡ್ಡಮ್ಮ.

"ದುಡ್ಡಾದ್ರೆ ಬೇರೆ ಖರ್ಚಿಗೆ ಹೋಗ್ತದಲ್ವಾ ದೊಡ್ಡಮ್ಮ?"

"ಹೋಗ್ತದೆ. ಅಕ್ಕಿ ಹೋಗುವುದಿಲ್ವಾ?"

ನಾನು ಬಾಯಿ ಮುಚ್ಚಿಕೊಂಡೆ.

ಇಲ್ಲಿಯ ಭತ್ತವನ್ನೇ ಬೆಂಬಲ ಬೆಲೆಗೆ ಕೊಂಡು ರೇಷನ್ನಿನಲ್ಲಿ ಕುಚ್ಚಲಕ್ಕಿ ಕೊಡುವ ಮಾತು ಕರಾವಳಿಯಲ್ಲಿ ಹಳೆಯದು. ಆದರೆ ಇಲ್ಲಿ ಕೊಯ್ಲು ಅಕ್ಟೋಬರ್ ಹೊತ್ತಿಗೇ ಶುರು. ಸಣ್ಣ ರೈತನಿಗೆ ಭತ್ತ ಇಟ್ಟುಕೊಳ್ಳಲು ಜಾಗ ಎಲ್ಲಿದೆ? ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅದು ಮಿಲ್ಲು ಸೇರಿರುತ್ತದೆ. ಬೆಂಗಳೂರಿನ ಕ್ಯಾಲೆಂಡರಿಗೂ ನಮ್ಮ ಗದ್ದೆಗೂ ತಾಳೆಯಾಗುವುದಿಲ್ಲ.

ಪಕ್ಕದ ಅಂಗಡಿಯಲ್ಲಿ ದೊಡ್ಡಮ್ಮ 5 ಕೆ.ಜಿ. ಕುಚ್ಚಲಕ್ಕಿ ಕೊಂಡರು. ದುಡ್ಡು ಕೊಡಲು ನನಗೆ ಬಿಡಲಿಲ್ಲ. ರಿಕ್ಷಾಕ್ಕೆ ಮಾತ್ರ ಬಿಟ್ಟರು. ಮನೆಯಲ್ಲಿ ದೊಡ್ಡ ಮೂಟೆ ಮಂಚದ ಅಡಿಗೆ ಹೋಯಿತು, ಸಣ್ಣದು ನೇರ ಅಡುಗೆಮನೆಗೆ.

ಸಂಜೆ ನಾನು ಹೊರಡುವಾಗ ಅವರು ಬೀಡಿ ಕಟ್ಟುವ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಎರಡು ದಿನದ ಬೀಡಿ ಬಾಕಿ ಇತ್ತು.