“ಬ್ಲಡ್ ಕ್ಯಾನ್ಸರ್‌ಗೆ ಔಷಧಿ ಕಂಡುಹಿಡಿದ್ರಾ?” ಅಂತ ಕೇಳೋರಿಗೆಲ್ಲ ಒಂದೇ ಉತ್ತರ

ತುಮಕೂರಲ್ಲಿ ಪೆಥಾಲಜಿ ಡಾಕ್ಟರು (ರಕ್ತ, ಗಂಟಿನ ಚೂರು ಮೈಕ್ರೋಸ್ಕೋಪಲ್ಲಿ ನೋಡಿ ಕಾಯಿಲೆ ಗುರುತಿಸೋರು), ಲ್ಯುಕೇಮಿಯಾ (ರಕ್ತದಲ್ಲಿ ಕಾಣೋ ಬ್ಲಡ್ ಕ್ಯಾನ್ಸರ್), ಲಿಂಫೋಮಾ (ಗಂಟಾಗಿ ಕಾಣೋ ಬ್ಲಡ್ ಕ್ಯಾನ್ಸರ್) ಮೇಲೆ ರೀಸರ್ಚ್ ಮಾಡ್ತೀನಿ ಅಂತ ಗೊತ್ತಾದ್ರೆ ಸಾಕು, ಜನ ಇದೊಂದೇ ಕೇಳೋದು. ಬಸ್ಸಲ್ಲಿ ಪಕ್ಕದ ಸೀಟಿನೋರು, ಮಗಳ ಸ್ಕೂಲಿನ ಮೇಷ್ಟ್ರು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಪಾರ್ಸಲ್‌ಗೆ ಕಾಯ್ತಾ ನಿಂತಿದ್ರೆ ಅಲ್ಲೂ. ಗುಬ್ಬಿ ಹತ್ರ ಒಂದು ಮದುವೆಲಂತೂ ಚಿಕ್ಕಪ್ಪ ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಳ್ತಾ ನಾಲ್ಕು ಎಲೆ ಆಚೆಯಿಂದ ಕೂಗಿ ಕೇಳಿದ್ರು, “ಏನಮ್ಮಾ, ಇಷ್ಟು ವರ್ಷ ಆಯ್ತು, ಬ್ಲಡ್ ಕ್ಯಾನ್ಸರ್‌ಗೆ ಇನ್ನೂ ಮದ್ದು ಸಿಗ್ಲಿಲ್ವಾ ನಿಮ್ಗೆ?” ಇಡೀ ಪಂಕ್ತಿ ತಿರುಗಿ ನೋಡ್ತು. ಪಂಕ್ತಿಲಿ ಕೂತು ಹೇಳೋ ವಿಷ್ಯ ಅಲ್ಲ ಅದು, ಅದಕ್ಕೆ ಇಲ್ಲಿ ಬರೀತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸ್ತೀನಿ.

ಯಾವ ಬ್ಲಡ್ ಕ್ಯಾನ್ಸರ್‌ಗೆ ಕೇಳ್ತಿದೀರಾ? ಅದನ್ನ ಮೊದ್ಲು ಹೇಳಿ.

“ಜ್ವರಕ್ಕೆ ಔಷಧಿ ಸಿಕ್ತಾ” ಅಂತ ಯಾರೂ ಕೇಳಲ್ಲ, ಮಲೇರಿಯಾನಾ ಟೈಫಾಯಿಡಾ ಡೆಂಗ್ಯೂನಾ ಅಂತ ಎಲ್ರೂ ವಿಚಾರಿಸ್ತಾರೆ. ಇದೂ ಹಾಗೇ. ಒಂದು ಕಾಯಿಲೆ ಅಲ್ಲ ಇದು, ಹತ್ತಾರು. ಒಂದೊಂದರ ಹುಟ್ಟು ಬೇರೆ, ವೇಗ ಬೇರೆ, ಮದ್ದು ಬೇರೆ. ಕೆಲವಕ್ಕೆ ಔಷಧಿ ಸಿಕ್ಕಿ ಎಷ್ಟೋ ವರ್ಷ ಆಯ್ತು, ನಿಮಗೆ ಯಾರೂ ಹೇಳಿಲ್ಲ ಅಷ್ಟೆ. ಆ ಔಷಧಿಗಳು ಸಿಕ್ಕಿದ್ದು ಯಾರೋ ಮೈಕ್ರೋಸ್ಕೋಪ್ ಮುಂದೆ ಕೂತು “ಇದು ಬೇರೆ, ಅದು ಬೇರೆ” ಅಂತ ಬಿಡಿಸಿಟ್ಟ ಮೇಲೇ.

ಸಿಎಂಎಲ್ ಅನ್ನೋ ಒಂದು ಜಾತಿ ಲ್ಯುಕೇಮಿಯಾ ತಗೊಳ್ಳಿ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಅನ್ನೋರು, ಅವ್ರೂ ಪೆಥಾಲಜಿಯವ್ರೇ, ಡೇವಿಡ್ ಹಂಗರ್‌ಫೋರ್ಡ್ ಜೊತೆ ಸೇರಿ ಈ ಪೇಷೆಂಟ್‌ಗಳ ಜೀವಕೋಶದಲ್ಲಿ ಒಂದು ಕ್ರೋಮೋಸೋಮ್ (ಜೀನ್‌ಗಳನ್ನ ಹೊತ್ತಿರೋ ಎಳೆ) ವಿಪರೀತ ಚಿಕ್ಕದಾಗಿದೆ ಅಂತ ನೋಡಿದ್ರು. ಅದಕ್ಕೂ ಸ್ವಲ್ಪ ಮುಂಚೆ ನೊವೆಲ್ ಸ್ಲೈಡನ್ನ ನಲ್ಲಿ ನೀರಲ್ಲಿ ತೊಳೆದಿದ್ರಂತೆ, ಜೀವಕೋಶಗಳು ನೀರು ಕುಡಿದು ಊದ್ಕೊಂಡು ಒಳಗಿನ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣಿಸಿದ್ವು. ಆಮೇಲೆ 1973ರಲ್ಲಿ ಜಾನೆಟ್ ರೌಲಿ ಅದು ತುಂಡಾಗಿ ಕಳೆದುಹೋಗಿದ್ದಲ್ಲ, 9ನೇ ಕ್ರೋಮೋಸೋಮು 22ನೇದೂ ತುಂಡು ಬದಲಾಯಿಸ್ಕೊಂಡಿವೆ ಅಂತ ತೋರಿಸಿದ್ರು. ಆ ತಪ್ಪು ಜೋಡಣೆಯಿಂದ ಹುಟ್ಟೋ ಪ್ರೋಟೀನನ್ನೇ ತಡೆಯೋ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ನಮ್ಮ ತಿಪಟೂರು ಶಿರಾ ಕಡೆ ಇವತ್ತು ದಿನಾ ಈ ಮಾತ್ರೆ ನುಂಗಿ ತೋಟಕ್ಕೆ ಹೋಗಿ ತೆಂಗಿಗೆ ನೀರು ಬಿಡೋರಿದಾರೆ. ಸಿಕ್ಕಿದೆ ಚಿಕ್ಕಪ್ಪಾ, ಮದ್ದು!

ಇನ್ನೊಂದು ಎಪಿಎಲ್. ಒಂದು ಕಾಲಕ್ಕೆ ಲ್ಯುಕೇಮಿಯಾಗಳಲ್ಲೇ ತುಂಬಾ ಬೇಗ ಪ್ರಾಣ ತೆಗೀತಿದ್ದ ಜಾತಿ, ವಸಡಲ್ಲಿ ರಕ್ತ, ಮೈಮೇಲೆ ಕಂದು ಕಲೆ, ಆಮೇಲೆ ಮೆದುಳಲ್ಲಿ ರಕ್ತಸ್ರಾವ. ಇವತ್ತು ಮೊದಲ ಕೆಲವು ವಾರ ದಾಟಿಸಿದ್ರೆ ಬಹುಪಾಲು ಜನ ಪೂರ್ತಿ ಗುಣ ಆಗ್ತಾರೆ. ಚೀನಾದ ಡಾಕ್ಟರುಗಳು 1980ರ ದಶಕದಲ್ಲಿ ಶಾಂಘೈಯಲ್ಲಿ ಕೊಡೋಕೆ ಶುರು ಮಾಡಿದ ಎ ವಿಟಮಿನ್ ಜಾತಿಯ ಮಾತ್ರೆ, ಜೊತೆಗೆ ಹಾರ್ಬಿನ್‌ನಿಂದ ಬಂದ ಆರ್ಸೆನಿಕ್. ಆದ್ರೆ ಅದನ್ನ ಗುರುತು ಹಿಡೀಬೇಕಲ್ಲ! ರಕ್ತದ ಸ್ಲೈಡಿಗೆ ಲೀಶ್ಮನ್ ಸ್ಟೇನ್ ಅನ್ನೋ ಬಣ್ಣ ಹಾಕಿ, ಮೇಲೆ ಎಣ್ಣೆ ಬಿಟ್ಟು ನೂರರ ಲೆನ್ಸಲ್ಲಿ ನೋಡಿದ್ರೆ ಜೀವಕೋಶದೊಳಗೆ ನೇರಳೆಗೆಂಪು ಕಾಳು ಕಿಕ್ಕಿರಿದಿರುತ್ತೆ, ಕೆಲವದರಲ್ಲಿ ಸಣ್ಣ ಕೆಂಪು ಕಡ್ಡಿಗಳು ಒಂದರ ಮೇಲೊಂದು ಬಿದ್ದಿರುತ್ವೆ. ಅದು ಕಂಡ್ರೆ ನಾನು ರಿಪೋರ್ಟ್ ಟೈಪ್ ಆಗಲಿ ಅಂತ ಕಾಯಲ್ಲ, ಎದ್ದು ಫೋನ್ ಮಾಡ್ತೀನಿ. ಜೀನ್ ಟೆಸ್ಟ್ ರಿಸಲ್ಟ್ ಬರೋಕೆ ಮುಂಚೆನೇ, ಅನುಮಾನದ ಮೇಲೇ ಆ ಮಾತ್ರೆ ಶುರು ಮಾಡ್ಬೇಕು. “ಪೇಷೆಂಟ್ ಮುಟ್ಟದೇ ಇರೋ ಡಾಕ್ಟರು” ಅಂತ ನಮ್ಮನ್ನ ಆಡ್ಕೊಳ್ಳೋರು ಆ ಹೊತ್ತಲ್ಲಿ ಬಂದು ನೋಡಿ.

ಮಕ್ಕಳ ಲ್ಯುಕೇಮಿಯಾಗೆ 1948ರಲ್ಲಿ ಮೊದಲ ಸಲ ಔಷಧಿ ಕೆಲಸ ಮಾಡುತ್ತೆ ಅಂತ ತೋರಿಸಿದ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಕೂಡ ಪೆಥಾಲಜಿಸ್ಟೇ. ಆ ಔಷಧಿ ತಯಾರಾಗಿದ್ದು ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಇದನ್ನ ಮಕ್ಕಳ ಪಾಠದಲ್ಲಿ ಯಾಕೆ ಹಾಕಲ್ಲ ಅಂತ ನಂಗೆ ಇವತ್ತಿಗೂ ಬೇಜಾರು.

ಸರಿ, ನೀವು ಕೇಳಿದ್ದಕ್ಕೆ ಉತ್ತರ ಆಯ್ತು. ಈಗ ನೀವು ಕೇಳಬೇಕಾಗಿದ್ದಿದ್ದು. “ಮೇಡಂ, ಕುತ್ತಿಗೆಲಿ ಗಂಟಿದೆ, ಏನ್ ಮಾಡ್ಬೇಕು?” ಅಂತ ಕೇಳಿ ನೋಡೋಣ! ಯಾರೂ ಕೇಳಲ್ಲ. ಊರಲ್ಲಿ ಮೊದ್ಲು ಸಿಗೋದು ಇಂಜೆಕ್ಷನ್. ಅದರಲ್ಲಿ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಇದ್ರೆ ಜ್ವರ ಇಳಿಯುತ್ತೆ, ಗಂಟೂ ಸಣ್ಣ ಆಗುತ್ತೆ, ಎಲ್ರಿಗೂ ಖುಷಿ. ಲಿಂಫೋಮಾ ಆಗಿದ್ರೆ ಆ ಸ್ಟೀರಾಯ್ಡ್ ಒಂದಷ್ಟು ಜೀವಕೋಶ ಸಾಯಿಸಿ ಗುರುತನ್ನೇ ಅಳಿಸಿಬಿಡುತ್ತೆ, ಆಮೇಲೆ ತೆಗೆದ ಗಂಟಲ್ಲಿ ನಾನು ಏನು ಹುಡುಕ್ಲಿ? ಇಲ್ಲಾಂದ್ರೆ “ಟಿಬಿ ಇರ್ಬೇಕು” ಅಂತ ಬಯಾಪ್ಸಿ ಇಲ್ದೇ 6 ತಿಂಗಳ ಮಾತ್ರೆ. ಟಿಬಿ ನಮ್ಮಲ್ಲಿ ಜಾಸ್ತಿ, ಒಪ್ತೀನಿ, ಗಂಟು ತೆಗೆದು ನೋಡಿದ್ರೆ ಎಷ್ಟೋ ಸಲ ಟಿಬಿನೇ ಇರುತ್ತೆ, ಆದ್ರೆ ಒಂದು ಚೂರನ್ನಾದ್ರೂ ನೋಡಿ ತಾನೇ ಹೇಳ್ಬೇಕು.

ಒಂದು ಸಲ ಒಂದು ನರ್ಸಿಂಗ್ ಹೋಮಿಂದ ಕಾಲೇಜು ಓದೋ ಹುಡುಗನ ಕುತ್ತಿಗೆ ಗಂಟು ಬಂತು. ಚೆನ್ನಾಗಿ ಇಡಿಯಾಗೇ ತೆಗೆದಿದ್ರು, ಆದ್ರೆ ಹಾಕಿದ್ದು ಇಂಜೆಕ್ಷನ್ ಬಾಟ್ಲಿಯೊಳಗೆ. ಮೆತ್ತಗಿದ್ದಾಗ ಹಿಚುಕಿ ತುರುಕಿದಾರೆ, ಕೊಳೀದ ಹಾಗೆ ಕಾಪಾಡೋ ಫಾರ್ಮಲಿನ್ ದ್ರವಕ್ಕೆ ಗಟ್ಟಿಯಾಗಿ ಆ ಸಣ್ಣ ಬಾಯಲ್ಲಿ ಆಚೆಗೇ ಬರ್ತಿಲ್ಲ. ನಮ್ಮ ಟೆಕ್ನಿಷಿಯನ್ ಬಟ್ಟೆ ಸುತ್ತಿ ಬಾಟ್ಲಿ ಒಡೆದು ತೆಗೆದ್ರು. ಕತ್ತರಿಸಿದ್ರೆ ಹೊರಗಡೆ ಸುತ್ತ ಮಾತ್ರ ಗಟ್ಟಿ, ನಡುವೆ ಕೊಳೆತು ಮೆತ್ತಗೆ. ಫಾರ್ಮಲಿನ್ ಒಳಗೆ ಇಳಿಯೋದು ಗಂಟೆಗೆ ಸುಮಾರು 1 ಮಿಲಿಮೀಟರ್, ಅದೂ ಸುತ್ತ ಧಾರಾಳವಾಗಿ ಇದ್ರೆ. ಹಾಜ್‌ಕಿನ್ ಲಿಂಫೋಮಾ ಅಂತ ನಂಗೆ ಬಲವಾದ ಅನುಮಾನ, ಆದ್ರೆ ಅದರಲ್ಲಿ ಆ ದೊಡ್ಡ ಎರಡು ನ್ಯೂಕ್ಲಿಯಸ್ಸಿನ ಜೀವಕೋಶ ಅಲ್ಲೊಂದು ಇಲ್ಲೊಂದು ಇರೋದು, ಸುತ್ತ ಎಲ್ಲಾ ಸಾಧಾರಣ ಬಿಳಿ ರಕ್ತಕಣ. ಆ ಜೀವಕೋಶ ಗುರುತಿಸೋ ಸಿಡಿ30, ಸಿಡಿ15 ಸ್ಟೇನ್ ಮಾಡಿಸೋಣ ಅಂದ್ರೆ ಕೊಳೆತ ಭಾಗದಲ್ಲಿ ಬಣ್ಣ ನಂಬೋ ಹಾಗಿಲ್ಲ. ಆ ಹುಡುಗನಿಗೆ ಇನ್ನೊಂದು ಗಂಟು ತೆಗೆಸಬೇಕಾಯ್ತು, ಹಾಜ್‌ಕಿನ್ನೇ ಆಗಿತ್ತು. ಕೀಮೋಗೆ ಚೆನ್ನಾಗಿ ಬಗ್ಗೋ ಕಾಯಿಲೆ, ಬಹುಪಾಲು ಜನ ಗುಣ ಆಗೋ ಕಾಯಿಲೆ. ಅಂಥದ್ದಕ್ಕೆ ಬಾಟ್ಲಿ ದೆಸೆಯಿಂದ ಎರಡನೇ ಸಲ ಕುತ್ತಿಗೆ ಕುಯ್ಸ್ಕೋಬೇಕಾ?

ಅದಕ್ಕೇ ಹೇಳ್ತಿದೀನಿ, ನಿಮ್ಮ ಮನೇಲಿ ಯಾರಿಗಾದ್ರೂ ಗಂಟು ತೆಗೀತಿದ್ರೆ ಸಂಕೋಚ ಬಿಟ್ಟು ಕೇಳಿ. ಅಗಲ ಬಾಯಿ ಡಬ್ಬಿ ಇದ್ಯಾ, ಗಂಟಿನ ಹತ್ತರಷ್ಟು ಫಾರ್ಮಲಿನ್ ಇದ್ಯಾ, ದೊಡ್ಡದಿದ್ರೆ ಸೀಳಿ ಹಾಕ್ತೀರಾ, ಟಿಬಿ ಕಲ್ಚರ್‌ಗೆ ಒಂದು ಚೂರು ಬೇರೆ ಸಲೈನಲ್ಲಿ ಕಳಿಸ್ತೀರಾ. ಡಾಕ್ಟರು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೋಗೋದಾದ್ರೆ ರಿಪೋರ್ಟ್ ಜೊತೆ ಸ್ಲೈಡೂ ಗಂಟಿನ ಚೂರು ಕೂರಿಸಿರೋ ಮೇಣದ ಬ್ಲಾಕೂ ಕೇಳಿ ಇಸ್ಕೊಳ್ಳಿ, ಹೊಸ ಸ್ಟೇನ್ ಮಾಡೋಕೆ ಅವ್ರಿಗೆ ಬೇಕಾಗೋದು ಆ ಬ್ಲಾಕೇ. ಬೇಸಿಗೆಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತೆ.