ವಿಕರ್ಣನನ್ನು ಪರಿಚಯಿಸಿದ ಮೇಷ್ಟ್ರು

ನಮಗೆ ಕನ್ನಡ ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಮೇಲೆ, ಶಾಲೆಯ ಪತ್ರಿಕೆಯ ಈ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದರು. ನಾನು ಎರಡನೆಯ ಮಾತಿಲ್ಲದೆ ಒಪ್ಪಿಕೊಂಡೆ. ಹತ್ತನೆಯ ತರಗತಿಯಲ್ಲಿ ಯಾವ ಪದ್ಯಗಳಿದ್ದವೆಂಬುದು ಈಗ ನೆನಪಿಲ್ಲ, ಛಂದಸ್ಸಿನ ಗಣವಿಭಾಗವೂ ಮರೆತುಹೋಗಿದೆ. ಆದರೆ ಪಠ್ಯದಲ್ಲಿ ಇಲ್ಲದ ಒಬ್ಬನನ್ನು ಅವರು ನಮ್ಮ ತರಗತಿಗೆ ಕರೆತಂದಿದ್ದರು. ಅವನು ವಿಕರ್ಣ.

ಕರ್ಣನ ಪಾಠ ನಡೆಯುವಾಗ ನಾವೆಲ್ಲ ಕರ್ಣನ ಪಕ್ಷ. ಹುಟ್ಟಿನ ಗುಟ್ಟನ್ನು ಕೃಷ್ಣ ತಿಳಿಸಿದರೂ ಗೆಳೆಯನ ಕೈಬಿಡದವನೆಂದರೆ ಆ ವಯಸ್ಸಿನ ಹುಡುಗರಿಗೆ ಅವನಿಗಿಂತ ದೊಡ್ಡವರು ಬೇರೆ ಯಾರಿದ್ದಾರು? ಮೇಷ್ಟ್ರು ಅದನ್ನು ಅಲ್ಲಗಳೆಯಲಿಲ್ಲ. ದ್ಯೂತಸಭೆಗೆ ದ್ರೌಪದಿಯನ್ನು ಎಳೆತಂದಾಗ ಹಿರಿಯರೆಲ್ಲ ತಲೆತಗ್ಗಿಸಿ ಕುಳಿತಿದ್ದರೂ ಇದು ಅಧರ್ಮವೆಂದು ಎದ್ದು ನಿಂತವನು ದುರ್ಯೋಧನನ ಸ್ವಂತ ತಮ್ಮ ವಿಕರ್ಣನೆಂದೂ, ಅವನನ್ನು ಹುಡುಗನೆಂದು ಹೀಗಳೆದು ಬಾಯಿ ಮುಚ್ಚಿಸಿದವನು ಕರ್ಣನೆಂದೂ ಹೇಳಿ, "ಆ ದಿನ ದುರ್ಯೋಧನನಿಗೆ ಹಿತವನಾಗಿದ್ದವನು ಯಾರಪ್ಪ?" ಎಂದು ಕೇಳಿ ಸುಮ್ಮನಾದರು. ಮಾರನೆಯ ದಿನ ಅದರ ಮುಂದಿನ ಭಾಗವನ್ನು ಹೇಳಿದರು. ಯುದ್ಧ ಬಂದಾಗ ವಿಕರ್ಣ ಅಣ್ಣಂದಿರನ್ನು ಬಿಟ್ಟುಹೋಗಲಿಲ್ಲ. ಅವರ ಜೊತೆಯಲ್ಲೇ ನಿಂತು ಕಾದಾಡಿ ಭೀಮನ ಕೈಯಲ್ಲಿ ಮಡಿದ. ಸತ್ಯ ಹೇಳಿದವನು ಶತ್ರುವಾದನೆಂದು ತಿಳಿಯಬಾರದೆಂಬುದಕ್ಕೆ ಅವರಿಗೆ ಇದೊಂದೇ ಸಾಕಾಗಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾವು ಕೆಲವರು ಹಾಸ್ಟೆಲಿನಲ್ಲಿದ್ದೆವು. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆಯುತ್ತದೆಯಷ್ಟೆ. ಆ ದಿನಗಳಲ್ಲಿ ಊರಿನ ಬೀದಿಗಳಲ್ಲಿ ನಡುರಾತ್ರಿಯವರೆಗೂ ಜನ. ಒಳಗೆ ಎಂಟು ಗಂಟೆಗೇ ದೀಪ ಆರಿಸಬೇಕಾದವರು ನಾವು. ಒಂದು ರಾತ್ರಿ ಕಾಂಪೌಂಡು ಹಾರಿ ಹೋಗಿ, ಸಾಲಿನಲ್ಲಿ ನಿಂತು ದರ್ಶನ ಮುಗಿಸಿ, ಮಿರ್ಚಿ ಬಜ್ಜಿ ತಿಂದು, ಬೆಳಗಿನ ಜಾವ ಅದೇ ಗೋಡೆ ಹಾರುವಾಗ ವಾರ್ಡನ್ನರ ಟಾರ್ಚಿನ ಬೆಳಕಿಗೆ ಸಿಕ್ಕಿಬಿದ್ದೆವು. ಮೊದಲು ಗೋಡೆ ಹತ್ತಿದವನು ಯಾರೆಂದು ಎಷ್ಟು ಗದರಿದರೂ ಒಬ್ಬರೂ ಬಾಯಿ ಬಿಡಲಿಲ್ಲ. ವಿಚಾರಣೆ ಮೇಷ್ಟ್ರ ಬಳಿಗೆ ಬಂದಾಗ ಅವರು ಹೆಸರನ್ನು ಕೇಳಲೇ ಇಲ್ಲ. ಎಲ್ಲರಿಗೂ ತಿಂಗಳ ಕಾಲ ಶಾಲೆಯ ತೋಟಕ್ಕೆ ನೀರು ಹೊರುವ ಕೆಲಸ ಕೊಟ್ಟು, "ಇದು ಗೆಳೆಯರೊಳಗೆ ಇಟ್ಟುಕೊಳ್ಳಬಹುದಾದ ಗುಟ್ಟು. ಇಟ್ಟುಕೊಳ್ಳಲಾಗದವೂ ಇರುತ್ತವೆ" ಎಂದರು.

ಮೊದಲು ಗೋಡೆ ಹತ್ತಿದವನು ನನ್ನ ಆಪ್ತ ಗೆಳೆಯ, ಕಬಡ್ಡಿ ತಂಡದ ನಾಯಕ. ಅವನ ತಂದೆ ಆಲೂಗಡ್ಡೆ ಬೆಳೆಗಾರರು. ಜಲಂಧರದ ಬಿತ್ತನೆ ಗಡ್ಡೆಗೆ ಸಾಲ ಮಾಡಿ, ಮಳೆ ಸರಿಯಾಗಿ ಬಂದ ವರ್ಷ ತೀರಿಸುತ್ತಿದ್ದವರು. ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಸರಸರವಾಗಿ ತೂಗುಬಿಟ್ಟ ಗುಟ್ಕಾ ಪೊಟ್ಟಣಗಳನ್ನು ಅವನು ಒಂಬತ್ತನೆಯ ತರಗತಿಯಲ್ಲೇ ಹರಿಯತೊಡಗಿದ್ದ. ನಮಗೆಲ್ಲ ಗೊತ್ತಿತ್ತು. ನಮ್ಮ ಕಡೆ ಎಲೆ ಅಡಿಕೆಯಿಲ್ಲದೆ ಶುಭಕಾರ್ಯವಿಲ್ಲ, ಆದುದರಿಂದ ಅಡಿಕೆಯ ಪೊಟ್ಟಣದಲ್ಲಿ ಕೆಡುಕಿದೆಯೆಂದು ಹಿರಿಯರಿಗೇ ತೋರುತ್ತಿರಲಿಲ್ಲ, ಹುಡುಗರಿಗೆ ತೋರುವುದೆಂತು? ಆದರೆ ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅವನು ಹಾಸ್ಟೆಲಿನ ಸಾರನ್ನು ಬಾಯಿಗಿಟ್ಟರೆ ಉರಿಯೆಂದು ಮುಖ ಕಿವುಚುತ್ತಿದ್ದ, ಬರಿಯ ಮಜ್ಜಿಗೆ ಅನ್ನ ಉಣ್ಣುತ್ತಿದ್ದ. ಮುದ್ದೆಯ ತುತ್ತನ್ನು ದಿನದಿಂದ ದಿನಕ್ಕೆ ಚಿಕ್ಕದಾಗಿ ಮುರಿಯುತ್ತಿದ್ದುದನ್ನು ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ನಾನು ಕಂಡೆ. ಬಾಯಿ ಅಗಲಿಸಲು ಹೇಳಿದಾಗ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಯಾರಿಗೂ ಹೇಳಬಾರದೆಂದು ಅವನು ನನ್ನಿಂದ ಆಣೆ ಹಾಕಿಸಿಕೊಂಡ.

ಆ ಆಣೆಯನ್ನು ನಾನು ಮುರಿದೆ. ಮುರಿದದ್ದು ಸರಿಯೆಂದು ಅಂದೂ ತಿಳಿದಿತ್ತು, ಇಂದೂ ತಿಳಿದಿದೆ. ಆದರೂ ಮೇಷ್ಟ್ರ ಮನೆಯ ಜಗಲಿಯಿಂದ ಹಾಸ್ಟೆಲಿಗೆ ಮರಳುವಾಗ ಕಳ್ಳತನ ಮಾಡಿದವನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಸರಿಯಾದ ಕೆಲಸವನ್ನು ಮಾಡಿದವನಿಗೂ ಪಾಪಪ್ರಜ್ಞೆ ಕಾಡುತ್ತದೆಂಬುದನ್ನು ಯಾವ ನೀತಿಪಾಠವೂ ನನಗೆ ಮೊದಲೇ ತಿಳಿಸಿರಲಿಲ್ಲ.

ಮೇಷ್ಟ್ರು ಮಾಡಿದ್ದೇನೆಂಬುದನ್ನು ಇಲ್ಲಿ ವಿವರವಾಗಿಯೇ ಬರೆಯಬೇಕು. ನಾನು ಹೇಳುವಷ್ಟೂ ಹೊತ್ತು ಅವರು ನಡುವೆ ಬಾಯಿ ಹಾಕಲಿಲ್ಲ. "ಬೇರೆ ಯಾರು ಯಾರು ತಿನ್ನುತ್ತಾರೆ?" ಎಂದು ಕೇಳಲಿಲ್ಲ. ಮುಖ್ಯೋಪಾಧ್ಯಾಯರಿಗೆ ಬರೆದುಕೊಡಲಿಲ್ಲ, ಪ್ರಾರ್ಥನೆಯ ವೇಳೆ ಭಾಷಣ ಮಾಡಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಗೆಳೆಯನನ್ನು ತಾವೇ ಜಿಲ್ಲಾಸ್ಪತ್ರೆಯ ದಂತವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ಕೆನ್ನೆಯ ಒಳಪದರ ಬಿಳಿಚಿ ನಾರಿನಂತೆ ಬಿಗಿದಿರುವುದನ್ನು ತೋರಿಸಿ, ಇದಕ್ಕೆ ಅಡಿಕೆಯೇ ಕಾರಣವೆಂದೂ, ಬಿಗಿದದ್ದು ಮೊದಲಿನಂತಾಗುವುದು ಕಷ್ಟವೆಂದೂ, ಬಿಡದಿದ್ದರೆ ಕ್ಯಾನ್ಸರಿಗೆ ದಾರಿಯಾಗಬಹುದೆಂದೂ ತಿಳಿಸಿದರಂತೆ. ಆಮೇಲೆ ಮೇಷ್ಟ್ರು ಬಸ್ಸು ಹತ್ತಿ ಗೆಳೆಯನ ಊರಿಗೆ ಹೋಗಿ, "ಹುಡುಗನಿಗೆ ಬಾಯಿಯ ಕಾಯಿಲೆಯಿದೆ ಗೌಡರೇ, ಬೈಯಬೇಡಿ, ನಾವಿಬ್ಬರೂ ಸೇರಿ ನೋಡಿಕೊಳ್ಳೋಣ" ಎಂದು ಅವನ ತಂದೆಗೆ ಹೇಳಿಬಂದರು. ಪ್ರತಿದಿನ ಸಂಜೆ ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು, ಮರದ ತೆಳುಪಟ್ಟಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಸೇರಿಸಿ ಬಾಯಿ ಅಗಲಿಸುವ ವ್ಯಾಯಾಮವನ್ನು ಮಾಡಿಸಿದರು.

ಇದೆಲ್ಲ ಆದರೂ ಗೆಳೆಯ ಪರೀಕ್ಷೆ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ. ಉಳಿದವರ ಬಾಯಲ್ಲಿ ನಾನು ಚಾಡಿಕೋರನಾದೆ. ನಾನು ಹಾಸಿಗೆಯನ್ನು ಬೇರೆ ಕೋಣೆಗೆ ಬದಲಿಸಿಕೊಳ್ಳಲು ಹೊರಟಾಗ ಮೇಷ್ಟ್ರು ತಡೆದು, ಹೇಳಿದವನು ಜೊತೆಯಲ್ಲೇ ಇರಬೇಕು ಎಂದರು. ಇದ್ದೆ. ಅವನು ಮುಖ ತಿರುಗಿಸಿಕೊಂಡರೂ ಅವನ ಪಕ್ಕದಲ್ಲೇ ಉಂಡೆ. ಮುಂದೆ ಸರ್ಕಾರಿ ನೌಕರಿಯಲ್ಲಿ ಜೊತೆಯವರ ತಪ್ಪನ್ನು ಹೇಳಬೇಕಾಗಿ ಬಂದ ಸಂದರ್ಭಗಳಲ್ಲಿ ನಾನು ಹಿಂಜರಿಯಲಿಲ್ಲವೆಂಬ ಅಭಿಮಾನ ನನಗಿದೆ. ಆ ಬಲ ಬಂದದ್ದು ಆ ಊಟದ ಪಂಕ್ತಿಯಿಂದ.

ಈಗ ಕಾನೂನುಗಳಿವೆ. 2003ರ ಕಾಯ್ದೆಯು ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆನ್ನುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೂ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುತ್ತಿದೆ, ಮಕ್ಕಳು ಬೆರೆಸಿಕೊಳ್ಳುತ್ತಿದ್ದಾರೆ. ಶಾಲೆಗಳಲ್ಲಿ ದೂರುಪೆಟ್ಟಿಗೆಗಳಿವೆ, ಕ್ಯಾಮೆರಾಗಳಿವೆ, ಪೋಷಕರ ವಾಟ್ಸ್ಆ್ಯಪ್ ಗುಂಪುಗಳಿವೆ. ಮಗುವೊಂದು ಗೆಳೆಯನ ಬಗ್ಗೆ ಬಾಯಿಬಿಟ್ಟರೆ ಸಂಜೆಯೊಳಗೆ ಅದು ನೂರು ಫೋನುಗಳಲ್ಲಿರುತ್ತದೆ, ಮರುದಿನ ಆ ಗೆಳೆಯನ ಕೈಗೆ ವರ್ಗಾವಣೆ ಪತ್ರ ಬರುತ್ತದೆ. ಹೀಗಿರುವಾಗ ಯಾವ ಹುಡುಗ ತಾನೆ ಆಣೆ ಮುರಿದಾನು? ಮಕ್ಕಳು ಸತ್ಯ ಹೇಳುವುದಿಲ್ಲವೆಂದು ದೂರುವ ಉಪಾಧ್ಯಾಯ ಮಿತ್ರರು, ಹೇಳಿದ ಮಗುವಿನ ಗೆಳೆತನವೂ ಹೇಳಿಸಿಕೊಂಡ ಮಗುವಿನ ಮಾನವೂ ಉಳಿಯುವಂತೆ ತಾವು ಕೇಳಿಸಿಕೊಳ್ಳುತ್ತಿದ್ದೇವೆಯೇ ಎಂದು ಯೋಚಿಸಬೇಕೆಂದು ನನ್ನ ಕಳಕಳಿಯ ಪ್ರಾರ್ಥನೆ.

ಗೆಳೆಯ ಗುಟ್ಕಾವನ್ನು ಮತ್ತೆ ಮುಟ್ಟಲಿಲ್ಲ. ಕಾಲೇಜು ಸೇರಿದ ವರ್ಷ ಅವನಾಗಿಯೇ ನನ್ನನ್ನು ಹುಡುಕಿಕೊಂಡು ಬಂದ. ಈಗ ತಂದೆಯ ಹೊಲದಲ್ಲಿ ಆಲೂಗಡ್ಡೆಯ ಜೊತೆ ಜೋಳ, ಶುಂಠಿ ಬೆಳೆಯುತ್ತಾನೆ. ಬಾಯಿ ಇಂದಿಗೂ ಪೂರ್ತಿ ತೆರೆಯುವುದಿಲ್ಲ, ಖಾರ ಸೇರುವುದಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆ ಮಾಡಿಸಿಕೊಳ್ಳುತ್ತಾನೆ. ಮೇಷ್ಟ್ರ ಅಂತ್ಯಕ್ರಿಯೆಯಲ್ಲಿ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಈ ಲೇಖನವನ್ನು ಮೊದಲು ಅವನಿಗೇ ಓದಿ ಹೇಳಿದೆ. "ಬರಿ, ಆದರೆ ಹುಡುಗರ ಮುಂದೆ ನಾನೇ ಬಂದು ಬಾಯಿ ತೆರೆದು ತೋರಿಸುತ್ತೇನೆ ಕಣೋ, ಅದು ನಿನ್ನ ಬರಹಕ್ಕಿಂತ ಚೆನ್ನಾಗಿ ತಿಳಿಯುತ್ತದೆ" ಎಂದ. ಹಳೆಯ ವಿದ್ಯಾರ್ಥಿಗಳ ವತಿಯಿಂದ ಒಬ್ಬ ದಂತವೈದ್ಯರನ್ನೂ ಕರೆತರುತ್ತೇವೆ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ಶನಿವಾರವನ್ನು ಗೊತ್ತುಮಾಡಿ ತಿಳಿಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ.