ಗ್ವಾಂಗ್‌ಝೌ ಟೀವಿ ಕಲಿಸಿದ ‘ಊಟ ಆತೇನ್ರಿ?’

ಹುಬ್ಬಳ್ಳಿಯಿಂದ ಬಟ್ಟೆ ವ್ಯಾಪಾರಕ್ಕೆ ಅಂತ ಚೀನಾದ ಗ್ವಾಂಗ್‌ಝೌಗೆ ಹೋದ ಹೊಸದರಲ್ಲಿ ನನಗೆ ಬರುತ್ತಿದ್ದದ್ದು ಅಲ್ಲಿನ ಅಧಿಕೃತ ಭಾಷೆಯಾದ ಮ್ಯಾಂಡರಿನ್, ಅದೂ ಪುಸ್ತಕದ್ದು ಅಷ್ಟೇ. ಅಲ್ಲಿನ ಹಳಬರ ಮನೆಮಾತು ಕ್ಯಾಂಟನೀಸ್, ಅದರ ಧಾಟಿಯೇ ಬೇರೆ. ನೂಡಲ್ಸ್ ಅಂಗಡಿಯ ಅಜ್ಜಿ ಸಂಜೆಯಾದರೆ ಕ್ಯಾಂಟನೀಸ್ ಚಾನೆಲ್ ಹಾಕುತ್ತಿದ್ದರು, ನಾನು ಬಟ್ಟಲು ಹಿಡಿದು ಸುಮ್ನೆ ನೋಡುತ್ತಾ ಕೂರುತ್ತಿದ್ದೆ, ತೆರೆಯ ಕೆಳಗೆ ಚೀನೀ ಅಕ್ಷರ ಓಡುತ್ತಿದ್ದರಿಂದ ಅರ್ಧಂಬರ್ಧ ತಿಳಿಯುತ್ತಿತ್ತು.

ಒಂದಿನ ಧೈರ್ಯ ಮಾಡಿ ‘ಸಿಕ್ ಜೊ ಫಾನ್ ಮೇಯ್ ಆ?’ ಅಂದೆ. ನಮ್ಮ ‘ಊಟ ಆತೇನ್ರಿ?’ ಅಲ್ವಾ ಅದು! ಅಜ್ಜಿ ಸೌಟು ಕೆಳಗಿಟ್ಟು, ಪಕ್ಕದ ಅಂಗಡಿಯವರನ್ನೂ ಕರೆದು, ಮತ್ತೆ ಮತ್ತೆ ಹೇಳಿಸಿದರು. ಚೀನೀ ಭಾಷೆ ಕಲಿತ ಕೆನಡಾದ ದಾಶಾನ್ ಅನ್ನುವವನು 1988ರಲ್ಲಿ ಟೀವಿ ಪ್ರಹಸನವೊಂದರಿಂದ ಇಡೀ ಚೀನಾಕ್ಕೆ ಪರಿಚಯವಾದ. ನನ್ನ ಖ್ಯಾತಿ ಒಂದೇ ಓಣಿಯದ್ದು. ಆದರೂ ಅವತ್ತಿಂದ ನನ್ನ ಬಟ್ಟಲಲ್ಲಿ ಒಂದು ಮೊಟ್ಟೆ ಜಾಸ್ತಿ.